ಚಂದ್ರಕ್ಕನ ಮುಯ್ಯಾಳುಗಳು

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಟ್ರಸ್ಟಿನ ಪತ್ರ ಓದಿದ ಕೂಡಲೇ ಹರಿದು ಬುಟ್ಟಿಗೆ ಹಾಕಿದೆ. ಸರ್ಕಾರಿ ಬಾಲಮಂದಿರದ ಮಕ್ಕಳ ಪರ ವಾದಿಸುವ ನನ್ನಂಥ ವಕೀಲರಿಗೆ ಅವರು ಕೊಡುತ್ತಿದ್ದ ಹಣ ಈ ತಿಂಗಳಿಂದ ಬಂದ್. ‘ಆದ್ಯತೆಗಳು ಬದಲಾಗಿವೆ’ಯಂತೆ. ಮಕ್ಕಳು ಮಾತ್ರ ಚಿತ್ರದುರ್ಗದ ಬಾಲಮಂದಿರದಲ್ಲಿ ಇದ್ದ ಹಾಗೇ ಇದ್ದರು.

ಅವರಲ್ಲಿ ಇಬ್ಬರು ಹರಿಯಬ್ಬೆ ಊರಿನ ಅಕ್ಕತಂಗಿಯರು. ಹುಲಿಗೆಮ್ಮನಿಗೆ ಹದಿಮೂರು, ಓಬವ್ವನಿಗೆ ಏಳು. ಅಪ್ಪ ಮೊದಲೇ ಇರಲಿಲ್ಲ, ತಾಯಿ ಚಂದ್ರಕ್ಕ ಕಾಮಾಲೆಯಾಗಿ ತೀರಿಕೊಂಡಿದ್ದಳು. ಫೈಲಿನಲ್ಲಿ ‘ಮಕ್ಕಳಿಗೆ ಯಾರೂ ಇಲ್ಲ’ ಎಂದು ಬರೆದಿತ್ತು. ಚಿಕ್ಕವಳೊಬ್ಬಳನ್ನೇ ದತ್ತು ಕೊಡುವ ಬಗ್ಗೆ ಮಕ್ಕಳ ಕಲ್ಯಾಣ ಸಮಿತಿ ಸೋಮವಾರ ತೀರ್ಮಾನಿಸಲಿತ್ತು. ಕೊಟ್ಟರೆ ಅಕ್ಕತಂಗಿ ಮತ್ತೆ ಸೇರುವುದು ಕನಸಿನ ಮಾತು.

ಇಷ್ಟು ಗೊತ್ತಿದ್ದೂ ನಾನು, ಮಕ್ಕಳ ಬಗ್ಗೆ ಆಗಾಗ ವಿಚಾರಿಸುತ್ತಿದ್ದ ಅವರ ಪಕ್ಕದ ಮನೆಯ ಓಬಕ್ಕನಿಗೆ ಫೋನ್ ಮಾಡಿ, “ಫೀಸ್ ಬರೋದು ನಿಂತೋತು, ನನ್ನ ಮನೇನೂ ನಡೀಬೇಕು. ಬೇರೆ ವಕೀಲರನ್ನ ನೋಡ್ಕಳ್ರಿ” ಎಂದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

“ನಿಮ್ಗೆ ಹೊಲ ಐತಾ, ಲಾಯರಮ್ಮ?”

“ಐಮಂಗಲದಾಗೆ ಎರಡೆಕರೆ ಐತೆ. ಈರುಳ್ಳಿ ಹಾಕೀವಿ, ಕಳೆ ಕೀಳಾಕೆ ಆಳು ಸಿಗ್ತಿಲ್ಲ. ಯಾಕೆ?”

ಫೋನ್ ಕಟ್ಟಾಯಿತು. ಹೊಲ ಇದ್ದವಳಿಗೆ ಫೀಸ್ ಯಾಕೆ ಅಂತ ಈಕೆಯ ಲೆಕ್ಕಾಚಾರವಿರಬೇಕು ಎಂದು ನಾನು ಕೆಂಡವಾದೆ.

ಮರುದಿನ ಬೆಳಗ್ಗೆ ನನ್ನ ಅಪ್ಪ ಓಬಳೇಶಪ್ಪನ ಫೋನು. “ಲೇ ಹೇಮಾ, ಏಳು ಜನ ಹೆಣ್ಣಾಳು ಬಂದು ಹೊಲಕ್ಕೆ ಇಳಿದವ್ರೆ. ಕೂಲಿ ಎಷ್ಟು ಅಂದ್ರೆ ನಗ್ತಾರೆ. ಯಾರನ್ನ ಕಳ್ಸಿದ್ಯೆ?”

ನಾನು ಯಾರನ್ನೂ ಕಳಿಸಿರಲಿಲ್ಲ. ಬಸ್ಸು ಹಿಡಿದು ಐಮಂಗಲಕ್ಕೆ ಹೋದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಬಕ್ಕ ಸಾಲಿನ ನಡುವೆ ಕೂತಿದ್ದಳು. ಅರ್ಧ ಹೊಲ ಆಗಲೇ ಚೊಕ್ಕವಾಗಿತ್ತು. ನಾನು ಪರ್ಸ್ ತೆಗೆದು ಕೂಲಿ ಕೊಡಹೋದೆ. ಅವಳು ಮಣ್ಣು ಮೆತ್ತಿದ ಕೈಯಿಂದ ನನ್ನ ಕೈ ತಳ್ಳಿದಳು.

“ಒಳಗಿಟ್ಕಳ್ರಿ! ಮುಯ್ಯಿಗೆ ಯಾರಾದ್ರೂ ಕೂಲಿ ಕೊಡ್ತಾರಾ?”

ಮುಯ್ಯಿ ಅಂದರೆ ಹೊಲದಲ್ಲಿ ಹುಟ್ಟಿದ ನನಗೆ ಗೊತ್ತಿಲ್ಲವೇ? ಇವತ್ತು ನೀನು ನನ್ನ ಹೊಲಕ್ಕೆ ಬಂದರೆ ನಾಳೆ ನಾನು ನಿನ್ನ ಹೊಲಕ್ಕೆ ಬರಬೇಕು. ದುಡಿಮೆಗೆ ದುಡಿಮೆ, ದುಡ್ಡಿನ ಮಾತೇ ಇಲ್ಲ. ಅಂಥ ಕಡೆ ಪರ್ಸ್ ತೆಗೆದ ಪೆದ್ದಿ ನಾನು.

“ಚಂದ್ರಿ ನಮ್ಮ ಏಳೂ ಜನದ ಹೊಲ ಕಳೆ ಕಿತ್ಲು. ಅವಳ ಸರದಿ ಬರೋದ್ರೊಳಗೆ ಹೋಗ್ಬಿಟ್ಲು” ಎಂದಳು ಓಬಕ್ಕ. “ಯಾರಿಗೆ ತೀರ್ಸಾಣ? ನೀವು ಅವಳ ಮಕ್ಕಳ ಕೆಲ್ಸ ಮಾಡ್ರಿ, ನಾವು ನಿಮ್ಮ ಕೆಲ್ಸ ಮಾಡ್ತೀವಿ.”

ನನಗೆ ಅಳು ಬಂತು. ಟ್ರಸ್ಟಿನ ಮೇಲಿದ್ದ ಸಿಟ್ಟು ಪೂರ್ತಿ ನನ್ನ ಮೇಲೆ ತಿರುಗಿತು. ಸೀರೆ ಎತ್ತಿ ಕಟ್ಟಿ ನಾನೂ ಒಂದು ಸಾಲು ಹಿಡಿದೆ.

ಸೋಮವಾರ ಸಮಿತಿಯ ಕೋಣೆಯಲ್ಲಿ ಏಳು ಹೆಂಗಸರೂ ಗೋಡೆಗೆ ಒತ್ತಿಕೊಂಡು ನಿಂತರು. ಅಧ್ಯಕ್ಷರು ಕನ್ನಡಕ ಸರಿಸಿ ನನ್ನನ್ನು ನೋಡಿದರು. “ನಿಮ್ಮ ಟ್ರಸ್ಟಿನ ಹಣ ನಿಂತಿದೆಯಲ್ಲ ಮೇಡಂ. ಈ ಕೇಸಿಗೆ ನಿಮ್ಮನ್ನು ಇಟ್ಟವರು ಯಾರು?”

ನಾನು ಬಾಯಿ ತೆರೆಯುವ ಮೊದಲೇ ಓಬಕ್ಕ ಮುಂದೆ ಬಂದಳು. “ಮಕ್ಕಳ ಅವ್ವ ಚಂದ್ರಕ್ಕ.”

“ಆಕೆ ಸತ್ತು ಎಂಟು ತಿಂಗಳಾಯಿತಲ್ಲಮ್ಮ.”

“ಸತ್ತಿರೋದು ಅವಳು, ಸ್ವಾಮಿ. ಅವಳು ದುಡಿದ ದಿನ ಹಂಗೇ ಅವೆ. ಯಾರೂ ಇಲ್ಲ ಅಂತ ಬರ್ಕಂಡೀರಲ್ಲ, ನಮ್ಮೂರಿಗೆ ಬಂದು ಕೇಳಿದ್ರಾ?”

ದೊಡ್ಡವಳ ಮಾತನ್ನು ಯಾರೂ ಕೇಳಿಯೇ ಇಲ್ಲವೆಂದು ನಾನು ಪಟ್ಟು ಹಿಡಿದೆ. ಅಧ್ಯಕ್ಷರು ಹುಲಿಗೆಮ್ಮನನ್ನು ಕರೆದರು. ಎಂಟು ತಿಂಗಳು ತುಟಿ ಬಿಚ್ಚದ ಹುಡುಗಿ ತಂಗಿಯ ಕೈ ಹಿಡಿದು ಎದ್ದು ನಿಂತಳು.

“ಕೊಡಲ್ಲ” ಎಂದಳು. “ನನ್ನ ತಂಗೀನ ಕೊಡಲ್ಲ.”

ದತ್ತಿಗೆ ತಡೆಯಾಯಿತು. ಅಕ್ಕತಂಗಿಯರನ್ನು ಬೇರೆ ಮಾಡಬಾರದು, ಊರಿಗೆ ಹೋಗಿ ವಿಚಾರಿಸಿ ವರದಿ ಕೊಡಬೇಕು ಎಂದು ಆದೇಶವಾಯಿತು. ಮುಂದಿನ ವಿಚಾರಣೆ ತಿಂಗಳ ನಂತರ. ಗೆದ್ದದ್ದು ಒಂದು ತಿಂಗಳು ಮಾತ್ರ.

ಹೊರಗೆ ಬಂದ ಮೇಲೆ ಓಬಕ್ಕ ಕೇಳಿದಳು, “ಅಷ್ಟೊತ್ತಿಗೆ ನಿಮ್ಮ ಹೊಲದಾಗೆ ಏನು ಕೆಲ್ಸ ಇರ್ತೈತೆ?”

“ಈರುಳ್ಳಿ ಕೀಳೋದು. ಆದ್ರೆ ಓಬಕ್ಕ, ನಿಮ್ಮ ಏಳೂ ಜನದ ಮುಯ್ಯಿ ತೀರ್ತಲ್ಲ?”

“ಚಂದ್ರಿದು ತೀರ್ತು. ಇನ್ಮೇಲೆ ನಮ್ಗೂ ನಿಮ್ಗೂ ಮುಯ್ಯಿ ಶುರು, ಲಾಯರಮ್ಮ. ನಡೀರಿ, ಬಸ್ಸಿಗೆ ಹೋಗಾಣ.”