ಮುಂದಿದ್ದಾಗ ಏಳಬಾರದು

ಅಣ್ಣನ ಗೆಳೆಯರು ಮೂವರೂ ಹಸಿರು ಜೆರ್ಸಿ ಹಾಕಿಕೊಂಡೇ ಬಂದಿದ್ದರು. ಅತ್ತಿಗೆ ಬಾಗಿಲನ್ನು ಗೇಣಿನಷ್ಟು ತೆರೆದು, ಸರಪಳಿ ತೆಗೆಯದೆ ಅಡ್ಡ ನಿಂತಳು. ಅವಳ ಹೆಗಲ ಹಿಂದಿನಿಂದ ನಾನು ಇಣುಕಿದೆ. ಮುಂದೆ ಕಟಿಂಗ್ ಶಾಪಿನವನು, ಅವನ ಹಿಂದೆ ಮೇಷ್ಟ್ರು, ಎರಡು ಮೆಟ್ಟಿಲು ಕೆಳಗೆ ಡೋಲಣ್ಣ. ಆಟದ ದಿನ ಗ್ಯಾಲರಿಯಲ್ಲಿ ಡೋಲು ಬಾರಿಸುವುದರಿಂದ ಅವನಿಗೆ ಆ ಹೆಸರು. ಸ್ವಂತ ಹೆಸರು ಅವನ ಹೆಂಡತಿಗೇ ಮರೆತುಹೋಗಿದೆ ಎಂದು ಅಣ್ಣ ನಗಾಡುತ್ತಿದ್ದ. ಮೂವರೂ ಸೇರಿ ಒಂದು ಹೂವಿನ ಚಕ್ರ ಹಿಡಿದುಕೊಂಡಿದ್ದರು. ಅದು ನಮ್ಮ ಬಾಗಿಲಿಗಿಂತ ಅಗಲವಾಗಿತ್ತು.

"ಅತ್ತಿಗೆ, ಒಂದ್ನಿಮಿಷ ಒಳಗೆ ಬರಬಹುದಾ?" ಎಂದ ಕಟಿಂಗ್ ಶಾಪಿನವನು.

"ಅದನ್ನ ಹೊತ್ಕೊಂಡು ಹ್ಯಾಗೆ ಬರ್ತೀರಿ? ಗೋಡೆ ಒಡೆಸ್ಲಾ?"

"ಇಲ್ಲೇ ಇಟ್ಟುಬಿಡ್ತೀವಿ."

"ಬೇಡ. ಕೆಳಗಿನ ಮನೆಯೋರು ಓಡಾಡಬೇಕು."

ಚಕ್ರವನ್ನು ಎಲ್ಲಿಡಬೇಕೆಂದು ತಿಳಿಯದೆ ಅವರು ಅದನ್ನು ಕೈಯಿಂದ ಕೈಗೆ ದಾಟಿಸತೊಡಗಿದರು. ಬಿಳಿ ಎಸಳುಗಳು ಮೆಟ್ಟಿಲ ಮೇಲೆ ಉದುರಿದವು. ಕೊನೆಗೆ ಡೋಲಣ್ಣ ಅದನ್ನು ಕೊರಳಿಗೆ ಹಾಕಿಕೊಂಡು ನಿಂತ. ಬೇರೆ ದಿನವಾಗಿದ್ದರೆ ನನಗೆ ನಗು ತಡೆಯುತ್ತಿರಲಿಲ್ಲ.

"ಶನಿವಾರ ಆಟ ಶುರುವಾಗೋ ಮುಂಚೆ ಇಡೀ ಗ್ರೌಂಡು ಒಂದು ನಿಮಿಷ ಎದ್ದು ನಿಲ್ಲತ್ತೆ, ಅತ್ತಿಗೆ. ದೊಡ್ಡ ಪರದೆ ಮೇಲೆ ಅವನ ಫೋಟೋ ಹಾಕ್ತಾರೆ. ಒಂದು ಒಳ್ಳೇ ಫೋಟೋ ಬೇಕಿತ್ತು."

"ಎದ್ದು ನಿಲ್ತಾರಾ? ಅವತ್ತು ನಮ್ಮನೆಯೋರು ಎದ್ದು ನಿಂತಾಗ ಏನು ಮಾಡಿದ್ರಿ?"

ಮೇಷ್ಟ್ರು ತಲೆ ತಗ್ಗಿಸಿದರು. ಅವತ್ತು ನಡೆದದ್ದನ್ನು ನಮಗೆ ಹೇಳಿದ್ದೇ ಅವರು. ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ಹಣೆ ಒತ್ತಿಕೊಂಡು, ಯಾರೂ ಕೇಳದಿದ್ದರೂ ಎಲ್ಲವನ್ನೂ ಕಾರಿಕೊಂಡಿದ್ದರು. ನಮ್ಮ ತಂಡ ಒಂದು ಗೋಲಿನಿಂದ ಮುಂದಿತ್ತು. ಅಣ್ಣ ಎದೆ ನೀವಿಕೊಳ್ಳುತ್ತ ಎದ್ದ, "ಯಾಕೋ ಸರಿಯಿಲ್ಲ, ಸ್ವಲ್ಪ ಗಾಳಿಗೆ ಹೋಗ್ಬರ್ತೀನಿ" ಅಂದ. ಇವರು ಅವನ ಜೆರ್ಸಿ ಹಿಡಿದು ಕೂರಿಸಿದರು. ಅವನು ಮತ್ತೆ ಎದ್ದ. ಮತ್ತೆ ಕೂರಿಸಿದರು. ಆಮೇಲೆ ಅವನು ಏಳಲಿಲ್ಲ. ಆಟ ಮುಗಿದ ಸೀಟಿ ಊದಿದಾಗ ಅಪ್ಪಿಕೊಳ್ಳಲು ತಿರುಗಿದ ಡೋಲಣ್ಣನ ತೋಳಿಗೆ ಅಣ್ಣ ಹಾಗೆಯೇ ಒರಗಿದ. ಬೇಗ ಕರೆತಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು ಡಾಕ್ಟರು.

ಯಾಕೆ ಕೂರಿಸಿದರು ಎಂದರೆ, ಅದು ಅವರ ನಿಯಮ. ಹಿಂದೊಮ್ಮೆ ಕಪ್ಪಿನ ಆಟದಲ್ಲಿ ನಮ್ಮವರು ಎರಡು ಗೋಲು ಮುಂದಿದ್ದಾಗ ಡೋಲಣ್ಣ ಚಹಾ ತರಲು ಎದ್ದು ಹೋದ. ಲೋಟ ಹಿಡಿದು ಬರುವಷ್ಟರಲ್ಲಿ ಸೋಲು ಖಾತ್ರಿಯಾಗಿತ್ತು. ಅಂದಿನಿಂದ ತಂಡ ಮುಂದಿದ್ದಾಗ ಆ ಸಾಲಿನಲ್ಲಿ ಯಾರೂ ಜಾಗ ಬಿಟ್ಟು ಏಳುವಂತಿಲ್ಲ. ಮಳೆ ಬಂದರೂ ಅಷ್ಟೇ, ಮೂತ್ರ ಬಂದರೂ ಅಷ್ಟೇ.

"ಅತ್ತಿಗೆ, ಬಯ್ಯಿರಿ, ಹೊಡೀರಿ," ಎಂದ ಕಟಿಂಗ್ ಶಾಪಿನವನು. ಅವನ ದನಿಯೂ ಗಡುಸಾಗುತ್ತಿತ್ತು. "ಆದ್ರೆ ಒಂದ್ ಮಾತು. ಆ ನಿಯಮ ಮಾಡಿದ್ದು ಅವನೇ. ನಂಗೆ ಜ್ವರ ಅಂದ್ರೂ ಏಳೋಕೆ ಬಿಟ್ಟಿರಲಿಲ್ಲ. ನಮ್ಮನ್ನ ಪರೀಕ್ಷೆ ಮಾಡೋಕೆ ಬೇಕಂತ್ಲೇ ಎದ್ದೇಳೋ ಹಾಗೆ ನಾಟಕ ಆಡ್ತಿದ್ದ. ಅವತ್ತೂ ನಾಟಕ ಅಂದ್ಕೊಂಡ್ವಿ. ನಗ್ತಾ ನಗ್ತಾ ಎಳೆದ್ವಿ."

"ನಗ್ತಾ ನಗ್ತಾ," ಎಂದಳು ಅತ್ತಿಗೆ. "ಲಿಫ್ಟ್ ರಿಪೇರಿ ಕೆಲಸ ಅಂತ, ಕೆಟ್ಟು ನಿಂತ ಲಿಫ್ಟಲ್ಲಿ ಸಿಕ್ಕಿಕೊಂಡೋರನ್ನ ಊಟ ಬಿಟ್ಟು ಓಡಿಹೋಗಿ ಹೊರಗೆ ತೆಗೀತಿದ್ರಲ್ಲ ಅವರು, ಅದೂ ನಾಟಕಾನಾ? ಅವರನ್ನ ಹೊರಗೆ ಬಿಡೋಕೆ ನಿಮಗೆ ಏನು ರೋಗ ಬಂದಿತ್ತು?"

ಎದುರು ಮನೆಯ ಬಾಗಿಲು ಸದ್ದಿಲ್ಲದೆ ತೆರೆದು ಸದ್ದಿಲ್ಲದೆ ಮುಚ್ಚಿತು.

"ಫೋಟೋ ಕೊಡಲ್ಲ," ಎಂದಳು ಅತ್ತಿಗೆ. "ಶನಿವಾರ ನಾನೇ ಬರ್ತೀನಿ. ಅವರ ಜಾಗದಲ್ಲಿ ನಾನೇ ಕೂರ್ತೀನಿ. ಇವಳೂ ಬರ್ತಾಳೆ. ಜಾಗ ಮಾಡಿಡಿ."

ಮೇಷ್ಟ್ರ ಕಣ್ಣು ತುಂಬಿಬಂತು. "ಬನ್ನಿ ಅಮ್ಮಾ, ನಮ್ಮ ಪುಣ್ಯ," ಎಂದರು. ಅವಳ ಮನಸ್ಸು ಕರಗಿತೆಂದು ಮೂವರೂ ನಂಬಿದರು. ಡೋಲಣ್ಣ ಕೊರಳಲ್ಲಿ ಹೂವಿನ ಚಕ್ರದೊಂದಿಗೇ ಮೆಟ್ಟಿಲಿಳಿದು ಹೋದ.

ಬಾಗಿಲು ಹಾಕಿ ಬಂದ ಅತ್ತಿಗೆ ಸಿಂಕಿನ ಮುಂದೆ ನಿಂತು ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು. ಅವಳಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಎದೆ ಹಿಡಿದುಕೊಂಡು ಬಂದ ಎಷ್ಟೋ ಅಪರಿಚಿತರಿಗೆ ನಾಲಿಗೆಯಡಿ ಇಡುವ ಮಾತ್ರೆಯನ್ನು ಅವಳೇ ಹರಿದುಕೊಟ್ಟಿದ್ದಾಳೆ.

"ನಿಜವಾಗ್ಲೂ ಹೋಗೋಣವಾ ಅತ್ತಿಗೆ?"

"ಹೋಗೋಣ. ಮೊದಲು ಇವರ ಟೀಮು ಮುಂದೆ ಹೋಗ್ಲಿ. ಎಲ್ಲರೂ ಹಿಗ್ಗಿ ಹೀರೇಕಾಯಿ ಆಗ್ಲಿ. ಆಮೇಲೆ ಎದ್ದು ಬರ್ತೀನಿ. ಅವರೆಲ್ಲರ ಕಣ್ಣೆದುರಿಗೇ, ನಿಧಾನವಾಗಿ."

ಅಜ್ಜಿ ಹೇಳುತ್ತಿದ್ದ ಕತೆಗಳಲ್ಲಿ ರಾಕ್ಷಸನ ಪ್ರಾಣ ಅವನ ಮೈಯಲ್ಲಿರುತ್ತಿರಲಿಲ್ಲ. ಏಳು ಕಡಲಾಚೆ, ಒಂದು ಮರದ ಪೊಟರೆಯಲ್ಲಿ, ಒಂದು ಗಿಳಿಯೊಳಗೆ ಇರುತ್ತಿತ್ತು. ಗಿಳಿಯ ಕತ್ತು ಹಿಚುಕಿದರೆ ಎಲ್ಲೋ ಮಲಗಿದ್ದ ರಾಕ್ಷಸ ಧೊಪ್ಪನೆ ಬೀಳುತ್ತಿದ್ದ. ಇವರೂ ಹನ್ನೊಂದು ಆಟಗಾರರ ಪ್ರಾಣವನ್ನು ತಂದು ನನ್ನಣ್ಣ ಕೂರುವ ಸಿಮೆಂಟಿನ ಮೆಟ್ಟಿಲಲ್ಲಿ ಅಡಗಿಸಿಟ್ಟಿದ್ದಾರೆ ಅನ್ನಿಸಿತು ನನಗೆ. ಅತ್ತಿಗೆ ಆ ಕತ್ತನ್ನು ಹುಡುಕಿಕೊಂಡು ಹೊರಟಿದ್ದಳು. ಹಿಚುಕಲಿ ಎಂದೇ ನಾನೂ ಆಸೆಪಟ್ಟೆ.

ಶನಿವಾರ ಗೇಟಿನಲ್ಲಿ ಅತ್ತಿಗೆ ನನಗೊಂದು ಟಿಕೆಟ್ ಕೊಂಡು, ತಾನು ಅಣ್ಣನ ಸೀಸನ್ ಕಾರ್ಡನ್ನೇ ಯಂತ್ರಕ್ಕೆ ತೋರಿಸಿದಳು. ಅಣ್ಣನಿಲ್ಲದ ಸುದ್ದಿಯನ್ನು ಯಂತ್ರಕ್ಕೆ ಯಾರೂ ಮುಟ್ಟಿಸಿರಲಿಲ್ಲ. ಹಸಿರು ದೀಪ ಹತ್ತಿಸಿ ಒಳಗೆ ಬಿಟ್ಟಿತು.

ಜಾಗ ಕಾದಿತ್ತು. ಮೆಟ್ಟಿಲನ್ನು ಒರೆಸಿ ಕಾಗದ ಹಾಸಿದ್ದರು. ಪರದೆಯ ಮೇಲೆ ಫೋಟೋ ಇರಲಿಲ್ಲ, ಬರೀ "ನಮ್ಮ ಗೆಳೆಯನಿಗೆ" ಎಂದಿತ್ತು. ಅಷ್ಟು ಸಾವಿರ ಜನ ಎದ್ದು ನಿಂತಾಗ ಅತ್ತಿಗೆ ಮಾತ್ರ ಕೂತೇ ಇದ್ದಳು. ಆ ಮೌನದಲ್ಲಿ ಡೋಲಣ್ಣ ಮೂಗೆಳೆದ ಸದ್ದು ಕೇಳಿ ಅವಳ ತುಟಿ ವಕ್ರವಾಯಿತು.

ಆಟ ಶುರುವಾಯಿತು. ನಮ್ಮ ಸಾಲಿನಲ್ಲಿ ಯಾರೂ ಹಾಡಲಿಲ್ಲ, ಬೈಯಲಿಲ್ಲ, ಕಡಲೆಕಾಯಿ ಕೂಡ ಬಿಡಿಸಲಿಲ್ಲ. ಮೇಷ್ಟ್ರು ನೀರಿನ ಬಾಟಲಿ ಚಾಚಿದರು. ಅತ್ತಿಗೆ ನೋಡಲಿಲ್ಲ. ಅವಳು ಚೆಂಡನ್ನೂ ನೋಡುತ್ತಿರಲಿಲ್ಲ, ಆಚೆ ತುದಿಯ ಅಂಕಿಗಳ ಫಲಕವನ್ನು ದಿಟ್ಟಿಸುತ್ತಿದ್ದಳು.

ವಿರಾಮ ಕಳೆದು ಸ್ವಲ್ಪ ಹೊತ್ತಿಗೆ ಗೋಲು ಬಿತ್ತು. ನಮ್ಮ ಕಡೆಯದೇ. ಗ್ಯಾಲರಿ ಕುಣಿಯಿತು. ಎಲ್ಲರೂ ಕುಣಿದು ಕೂರುವವರೆಗೂ ಅತ್ತಿಗೆ ಕಾದಳು. ಆಮೇಲೆ ಸೆರಗು ಸರಿಮಾಡಿಕೊಂಡು, ನನ್ನ ಕೈ ಹಿಡಿದು ಎದ್ದಳು.

"ಏ ಯಮ್ಮಾ! ಕೂತ್ಕೋ!" ಹಿಂದಿನ ಸಾಲಿನಿಂದ ಯಾವನೋ ಕಿರುಚಿದ. "ಮುಂದಿದೀವಿ ಕಣಮ್ಮಾ! ಈ ಸಾಲಲ್ಲಿ ಏಳಂಗಿಲ್ಲ!"

ಕಟಿಂಗ್ ಶಾಪಿನವನ ಕೈ ತಾನಾಗಿಯೇ ಮೇಲೆದ್ದಿತು. ಅತ್ತಿಗೆಯ ಸೆರಗಿನ ಹತ್ತಿರ ಬಂದು ಗಾಳಿಯಲ್ಲಿ ನಿಂತಿತು. ಅವನು ತನ್ನ ಕೈಯನ್ನೇ ಹಾವು ಕಂಡವನಂತೆ ನೋಡಿದ.

"ಹೀಗೇನಾ ಎಳೆದಿದ್ದು?" ಎಂದಳು ಅತ್ತಿಗೆ. "ಎಳೀರಿ. ನಾನೂ ನಾಟಕಾನೇ ಆಡ್ತಿರಬಹುದು."

"ಹೋಗಿ ಅತ್ತಿಗೆ," ಎಂದ ಅವನು. ಕೈಯನ್ನು ಹಿಂದಕ್ಕೆಳೆದುಕೊಂಡ. ಆಮೇಲೆ ಹಿಂದೆ ತಿರುಗಿ ಗರ್ಜಿಸಿದ, "ಬಾಯ್ಮುಚ್ಕೊಂಡು ಕೂತ್ಕೊಳ್ರೋ! ದಾರಿ ಬಿಡಿ ಅವರಿಗೆ!"

ಮೊಣಕಾಲುಗಳು ಒಂದೊಂದಾಗಿ ಮಡಚಿಕೊಂಡವು. ನಾವು ದಾಟಿದೆವು. ಬೆನ್ನಿಗೆ ಗೊಣಗಾಟ, ಶಾಪ, ಒಂದು ಹೊಲಸು ಮಾತು ಬಡಿದವು.

ಗ್ಯಾಲರಿಯ ಕೆಳಗೆ ಚಹಾದ ಅಂಗಡಿ ಬಾಗಿಲೆಳೆದಿತ್ತು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬ ಕಾವಲುಗಾರನಿದ್ದ. ಅತ್ತಿಗೆ ಹೊರಗಿನ ಗೇಟಿನ ಕಡೆ ಹೋಗಲಿಲ್ಲ. ಕಂಬಕ್ಕೆ ಒರಗಿ ತಲೆಯೆತ್ತಿ ನಿಂತಳು. ನಮ್ಮ ತಲೆಯ ಮೇಲೆ ಸಾವಿರಾರು ಕಾಲುಗಳಿದ್ದವು. ಅವಳು ಕಾಯುತ್ತಿದ್ದ ಸದ್ದು ನನಗೆ ಗೊತ್ತಿತ್ತು. ಎದುರಾಳಿ ಗೋಲು ಹೊಡೆದಾಗ ಇಡೀ ಗ್ರೌಂಡು ಒಮ್ಮೆಲೇ ಉಸಿರು ಬಿಡುವ ಸದ್ದು. ಅಷ್ಟು ಸಾಕಿತ್ತು ಅವಳಿಗೆ.

ಸದ್ದು ಬಂತು. ಆದರೆ ಉಸಿರು ಬಿಡುವ ಸದ್ದಲ್ಲ. ಛಾವಣಿಯಿಂದ ಧೂಳು ಉದುರಿತು.

"ಯಾರದು?" ಎಂದಳು ಅತ್ತಿಗೆ ಕಾವಲುಗಾರನಿಗೆ.

"ಇನ್ಯಾರದು, ನಮ್ಮೋರದೇ ತಾಯಿ! ಎರಡನೇದು!" ಅವನು ಕುರ್ಚಿಯಿಂದ ಎದ್ದು ಕುಣಿಯುತ್ತಿದ್ದ.

ಅತ್ತಿಗೆ ಮೆಟ್ಟಿಲ ಮೇಲೆ ಕುಸಿದಳು. ನಾನು ಪಕ್ಕದಲ್ಲಿ ಕೂತು ಅವಳ ಕೈ ಹಿಡಿಯಹೋದೆ, ಕೊಡವಿದಳು.

"ಏನೂ ಆಗ್ಲಿಲ್ಲ ನೋಡು," ಎಂದಳು. "ನಾನು ಎದ್ದು ಬಂದ್ರೂ ಏನೂ ಆಗ್ಲಿಲ್ಲ. ನಿಮ್ಮಣ್ಣ ಎದ್ದು ಬಂದಿದ್ರೂ ಏನೂ ಆಗ್ತಿರಲಿಲ್ಲ." ಸೆರಗಿನ ಮೇಲೆ ಬಿದ್ದ ಧೂಳನ್ನು ಒರೆಸುತ್ತ ಮತ್ತೆ, "ಏನೂ ಇಲ್ಲದ್ದಕ್ಕೆ ಕೂತಿದ್ರು," ಎಂದಳು.

ಮೂರನೆಯದೂ ಬಿತ್ತು. ಕೊನೆಯ ಸೀಟಿಯಾಯಿತು. ಮೇಲಿನಿಂದ ಜನ ಹಾಡುತ್ತ ಇಳಿದುಬಂದರು. ನಮ್ಮನ್ನು ಬಳಸಿಕೊಂಡು, ತುಳಿಯದಂತೆ, ಆದರೆ ನೋಡದೆಯೂ ಹರಿದುಹೋದರು. ಎಲ್ಲರ ಹಿಂದೆ ಆ ಮೂವರು ಬಂದರು. ಗೆದ್ದವರ ಮುಖ ಹಾಗಿರುವುದಿಲ್ಲ.

ಅತ್ತಿಗೆ ಎದ್ದು ಕಟಿಂಗ್ ಶಾಪಿನವನ ಎದುರಿಗೆ ನಿಂತಳು. "ನೀವು ಸೋಲಬೇಕಿತ್ತು," ಎಂದಳು. "ಸೋತಿದ್ರೆ ಮನೆಗೆ ಹೋಗಿ ಮಲಗ್ತಿದ್ದೆ ನಾನು."

"ನೀವು ಎದ್ದ ಮೇಲೆ ನಾವೂ ಅದನ್ನೇ ಬೇಡ್ಕೊಂಡ್ವಿ, ಅತ್ತಿಗೆ," ಎಂದ ಅವನು. "ದೇವರಾಣೆ. ಸೋತುಬಿಡ್ಲಿ, ಒಂದೇ ಒಂದ್ ಸಲ, ಹೀನಾಯವಾಗಿ ಸೋತುಬಿಡ್ಲಿ ಅಂತ. ಸೋತಿದ್ರೆ, ನಾವು ಅವನನ್ನ ಹಿಡಿದಿದ್ದಕ್ಕೆ ಒಂದು ಕಾರಣನಾದ್ರೂ ಇರ್ತಿತ್ತು." ಮೇಷ್ಟ್ರು ಕನ್ನಡಕ ತೆಗೆದು ಜೆರ್ಸಿಯ ತುದಿಗೆ ಒರೆಸುತ್ತಲೇ ಇದ್ದರು.

ಅತ್ತಿಗೆಯ ಮುಖ ಒಂದು ಗಳಿಗೆ ಸಡಿಲಾಯಿತೇನೋ ಅನ್ನಿಸಿತು.

"ಬೇಡ್ಕೊಂಡ್ರಾ? ಒಳ್ಳೇದು," ಎಂದಳು. "ಇನ್ನು ಇರೋಷ್ಟು ದಿನ ಬೇಡ್ಕೊಳ್ತಾ ಇರಿ. ನನ್ನ ಹತ್ರ ಬರಬೇಡಿ ಅಷ್ಟೇ. ಸಮಾಧಾನ ಮಾಡೋ ಕೆಲಸ ನಂದಲ್ಲ."

"ಬಸ್ ಸ್ಟಾಪಿನವರೆಗಾದ್ರೂ ಬರ್ತೀವಿ ಅಮ್ಮಾ. ಗಲಾಟೆ ಇದೆ, ಜನ ಕುಡಿದಿದಾರೆ," ಎಂದರು ಮೇಷ್ಟ್ರು.

"ಬೇಕಾಗಿಲ್ಲ. ಜಾಗ ಬಿಟ್ಟು ಕದಲದೆ ಇಲ್ಲೇ ನಿಂತ್ಕೊಂಡಿರಿ. ಅದು ಚೆನ್ನಾಗಿ ಬರುತ್ತಲ್ಲ ನಿಮಗೆ."

ಅವಳು ನನ್ನ ರಟ್ಟೆ ಹಿಡಿದು ಗೇಟು ದಾಟಿಸಿದಳು. ಹಿಡಿತ ನೋಯುವಷ್ಟು ಬಿಗಿಯಾಗಿತ್ತು. ರಸ್ತೆಯ ತಿರುವಿನಲ್ಲಿ ನಾನು ಹಿಂದೆ ನೋಡಿದೆ. ಜನವೆಲ್ಲ ಖಾಲಿಯಾಗಿ, ಕಾವಲುಗಾರ ಒಂದೊಂದೇ ದೀಪ ಆರಿಸುತ್ತಿದ್ದ. ಅವಳು ಹೇಳಿದ ಜಾಗದಲ್ಲೇ ಮೂವರೂ ನಿಂತಿದ್ದರು.