ತೊಯ್ದ ಕಟಗಿ, ಮುಚ್ಚಿದ ಬೆಳಕಿಂಡಿ

ಅಬ್ಬಿಗೇರಿಯಲ್ಲಿ ಆ ವಾರ ಜಡಿಮಳೆ ಬಿಟ್ಟಿರಲಿಲ್ಲ. ಗುಲ್ಷನವ್ವನ ಅಂಗಳದ ಕಟಗಿಯೆಲ್ಲ ತೊಯ್ದು ತೊಪ್ಪೆಯಾಗಿತ್ತು. ಮನೆಯಲ್ಲಿ ಗ್ಯಾಸ್ ಇತ್ತು, ಖರೇ. ಆದರೆ ಅದು ಚಹಾಕ್ಕೆ, ಹಾಲಿಗೆ. ಜೋಳದ ರೊಟ್ಟಿ ಕಟಗಿ ಒಲೆಯ ಮೇಲೇ ಆಗಬೇಕು ಎನ್ನುವುದು ಅವಳ ಹಟ. ನಲವತ್ತು ವರ್ಷ ಆ ಒಲೆ ಊದಿದವಳು.

ಅಡುಗೆಮನೆಯ ಬೆಳಕಿಂಡಿಯಿಂದ ಹನಿ ಬೀಳುತ್ತವೆಂದು ಮಗ ಇಮ್ರಾನನಿಗೆ ಹೇಳಿ ಮಾಳಿಗೆಯ ಮೇಲಿಂದ ಕಲ್ಲು ಮುಚ್ಚಿಸಿದ್ದಳು. ತೊಯ್ದ ಕಟಗಿ ಹತ್ತದಿದ್ದಾಗ, ಕೆಡವಿದ ಮನೆಯೊಂದರಿಂದ ತಂದಿದ್ದ ಹಸಿರು ಬಣ್ಣದ ಹಳೇ ಕಿಡಕಿ ಚೌಕಟ್ಟು ಒಡೆದು ಒಲೆಗೆ ಹಾಕಿದಳು. ಅದು ಭುಗ್ಗೆಂದು ಹೊತ್ತಿಕೊಂಡಿತು.

ಸೊಸೆ ನಾಹೀದ ಐದು ತಿಂಗಳ ಬಸುರಿ. ರೊಟ್ಟಿ ಬಡಿಯುತ್ತ, "ಅಮ್ಮಾ, ಹೊಗಿ ಭಾಳ ಆಗೈತ್ರಿ. ಬಾಗಲಾ ತಗೀಲೇನ್ರಿ?" ಎಂದಳು.

"ಗಾಳಿ ಹೊಕ್ಕರ ಉರಿ ನಿಲ್ಲಂಗಿಲ್ಲವ್ವಾ. ಇನ್ನ ನಾಕ ರೊಟ್ಟಿ, ತಡಕೋ."

"ತಲಿ ತಿರಗಾಕತ್ತೈತ್ರಿ."

"ಬಸುರಿದ್ದಾಗ ತಲಿ ತಿರಗೋದ ಬಿಡು" ಎಂದು ಗುಲ್ಷನವ್ವ ಬಾಗಿಲು ಎಳೆದು ಮುಚ್ಚಿಕೊಂಡು ಪಡಸಾಲೆಗೆ ಬಂದು ಬೆಳ್ಳುಳ್ಳಿ ಸುಲಿಯಲು ಕೂತಳು.

ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಸೀದ ವಾಸನೆ ಬಂತು. ಕರೆದರೆ ನಾಹೀದ ಓಗೊಡಲಿಲ್ಲ. ಒಳಗೆ ಹೋಗಿ ನೋಡಿದರೆ ಒಲೆಯ ಪಕ್ಕ ಕುಸಿದಿದ್ದಳು. ಅವಳ ದುಪಟ್ಟಾ ಉರಿಯಿಂದ ಗೇಣು ದೂರದಲ್ಲಿ ಹರಡಿತ್ತು.

ಗುಲ್ಷನವ್ವ ಸೊಸೆಯ ರಟ್ಟೆ ಹಿಡಿದು ಹೊರಗೆಳೆದಳು. ಇಮ್ರಾನ ಗಾಡಿ ತರಿಸಿ ರೋಣದ ದವಾಖಾನೆಗೆ ಒಯ್ದ. ಡಾಕ್ಟರು ನಾಹೀದಳಿಗೆ ಆಕ್ಸಿಜನ್ ಹಚ್ಚಿದರು. ಹೊಟ್ಟೆಯ ಕೂಸಿನ ಎದೆಬಡಿತ ಸರಿ ಇದೆ ಎನ್ನುವವರೆಗೂ ಗುಲ್ಷನವ್ವ ಬೆಂಚು ಬಿಟ್ಟು ಏಳಲಿಲ್ಲ.

ಮರುದಿನ ನಾಹೀದ ಮನೆಗೆ ಬಂದಳು. ಆಶಾ ಕಾರ್ಯಕರ್ತೆ ಸಿದ್ದವ್ವ ನೋಡಲು ಬಂದು, ಇದೆಲ್ಲ ಹೊಗೆಯಿಂದಲೇ ಆದದ್ದು ಎಂದಳು.

"ನಮ್ಮವ್ವನೂ ಇದ ಹೊಗ್ಯಾಗ ಬಾಳೇವು ಮಾಡಿದಳು. ಆಕಿಗೇನ ಆತು?" ಎಂದಳು ಗುಲ್ಷನವ್ವ. ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

"ಅವ್ರಿಗೆ ಕೆಮ್ಮ ಇರಲಿಲ್ಲೇನ್ರಿ?"

ಗುಲ್ಷನವ್ವನಿಗೆ ತಾಯಿ ಕೊನೆಯ ಆರು ವರ್ಷ ಕೂತೇ ನಿದ್ದೆ ಮಾಡಿದ್ದು ನೆನಪಾಯಿತು.

ಸಿದ್ದವ್ವ ಅಂಗಳದ ಎರಡು ಕಟಗಿ ಎತ್ತಿ ಒಂದಕ್ಕೊಂದು ಬಡಿದಳು. ದಬ್ ಎಂದಿತು. ದನದ ಕೊಟ್ಟಿಗೆಯಲ್ಲಿದ್ದ ಒಣ ಜಾಲಿ ತುಂಡು ತಂದು ಬಡಿದಳು. ಟಣ್ ಎಂದಿತು.

"ಕೇಳಿದ್ರಿಲ್ಲ? ಒಣಗಿದ್ದು ಟಣ್ ಅಂತೈತಿ, ತುದಿ ಸೀಳಿರ್ತೈತಿ, ಕೈಗೆ ಹಗರ ಇರ್ತೈತಿ. ತೊಯ್ದದ್ದು ಬರೇ ಹೊಗಿ. ಬ್ಯಾಸಗ್ಯಾಗ ಸೀಳಿ ಕಲ್ಲಿನ ಮ್ಯಾಲ ಒಟ್ರಿ. ಮ್ಯಾಲ ತಗಡ ಹೊಚ್ಚಿ, ಮಗ್ಗಲಕ್ಕ ಗಾಳಿ ಆಡಾಕ ಬಿಡ್ರಿ."

"ಆ ಚೌಕಟ್ಟ ಒಣಾನ ಇತ್ತಲ್ಲ?" ಎಂದು ಗುಲ್ಷನವ್ವ ಉಳಿದಿದ್ದ ಹಸಿರು ತುಂಡು ತೋರಿಸಿದಳು.

"ಇತ್ರಿ. ಆದ್ರ ಹಳೇ ಬಣ್ಣದಾಗ ಸೀಸ ಇರ್ತೈತಿ, ಸುಟ್ಟರ ವಿಷ. ಬಣ್ಣದ ಕಟಗಿ, ಪ್ಲೈವುಡ್, ಪ್ಲಾಸ್ಟಿಕ್, ಕಣಗಿಲ ಟೊಂಗಿ ಒಲಿಗೆ ಬ್ಯಾಡ್ರಿ. ಬಾಗಲಾ, ಬೆಳಕಿಂಡಿ ಮುಚ್ಚಿದ್ರ ಕಣ್ಣಿಗೆ ಕಾಣದ ವಿಷದ ಗಾಳಿ ತುಂಬತೈತಿ. ನಾಹೀದ ಬಿದ್ದದ್ದು ಅದಕ್ಕ."

ಗುಲ್ಷನವ್ವ ಎದ್ದು ಒಳಗೆ ಹೋಗಿ ಸೊಸೆಯ ಹಾಸಿಗೆಯ ಹತ್ತಿರ ಕೂತಳು.

"ನೀ ಹೇಳಿದ್ದಿ. ನಾ ಕೇಳಲಿಲ್ಲ" ಎಂದಳು.

"ಇನ್ನ ಮ್ಯಾಲ ಕೇಳ್ರಿ, ಸಾಕು" ಎಂದಳು ನಾಹೀದ.

ಅಂದೇ ಇಮ್ರಾನ ಬೆಳಕಿಂಡಿಯ ಕಲ್ಲು ಸರಿಸಿದ. ಸುತ್ತ ಸಂದು ಬಿಟ್ಟು ಇಟ್ಟಂಗಿ ಇಟ್ಟು, ಮೇಲೆ ಎತ್ತರಿಸಿ ತಗಡು ಹೊದಿಸಿದ. ಮಳೆ ಒಳಗೆ ಬರಲಿಲ್ಲ, ಹೊಗೆ ಹೊರಗೆ ಹೋಯಿತು. ಹೆರಿಗೆಯವರೆಗೆ ರೊಟ್ಟಿಗಳೂ ಗ್ಯಾಸಿನ ಮೇಲೇ ಆದವು. "ರುಚಿ ಸ್ವಲ್ಪ ಕಡಿಮಿ" ಎನ್ನುತ್ತಲೇ ಗುಲ್ಷನವ್ವ ತಾನೇ ಬಡಿದಳು. ನಾಲ್ಕು ತಿಂಗಳಿಗೆ ನಾಹೀದ ಮೂರು ಕೆಜಿಯ ಹೆಣ್ಣು ಕೂಸು ಹೆತ್ತಳು.

ಅಕ್ಕಂದಿರೇ, ಅಣ್ಣಂದಿರೇ, ಗ್ಯಾಸ್ ಇದ್ದರೆ ಅದನ್ನೇ ಬಳಸಿರಿ. ಕಟಗಿ ಒಲೆಯೇ ಹಚ್ಚಬೇಕಾದರೆ ಒಣ ಕಟಗಿ ಆರಿಸಿಕೊಳ್ಳಿರಿ, ಬಾಗಿಲು ತೆರೆದಿಡಿರಿ, ಸೆರಗು ಬಿಗಿದು ಕಟ್ಟಿರಿ. ಸೀಮೆಎಣ್ಣೆ ಸುರಿಯಬೇಡಿರಿ. ಒಂದು ಕೊಡ ನೀರು ಹತ್ತಿರವಿರಲಿ. ಒಲೆಯ ಮುಂದೆ ಕೂತವಳು ತಲೆ ತಿರುಗುತ್ತದೆ ಎಂದರೆ ಮೊದಲು ಅವಳನ್ನು ಹೊರಗೆ ಕರೆತನ್ನಿರಿ. ರೊಟ್ಟಿ ಆಮೇಲೆ ಮಾಡಿದರಾಯಿತು.