ಕಲಿಸದೆ ಉಳಿಸಿಕೊಂಡ ಪರೀಕ್ಷೆ

ಹೊಟ್ಟೆಕಿಚ್ಚು ಪರರ ಮೇಲೆ ಬಂದರೆ ಹೇಗೋ ತಡೆದುಕೊಳ್ಳಬಹುದು. ಬೆನ್ನಿಗೆ ಬಿದ್ದ ತಂಗಿಯ ಮೇಲೆ ಬಂದರೆ ಏನು ಮಾಡುತ್ತೀರಿ? ಗುಜರಿ ಲೋಹ ಕರಗಿಸುವ ಆ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಅಕ್ಕನಿಗೆ ಆಗಿದ್ದು ಅದೇ.

ತಂಗಿಯನ್ನು ಕೆಲಸಕ್ಕೆ ಸೇರಿಸಿದವಳೇ ಅವಳು. ಬಂದ ಗುಜರಿ ಯಾವ ಲೋಹ ಅಂತ ಪತ್ತೆ ಹಚ್ಚುವುದನ್ನು ಕೈ ಹಿಡಿದು ಕಲಿಸಿದವಳೂ ಅವಳೇ. ಅಯಸ್ಕಾಂತ ಅಂಟುತ್ತದಾ ನೋಡು, ಅರದಿಂದ ಉಜ್ಜಿ ಒಳಗಿನ ಬಣ್ಣ ನೋಡು, ಒಂದು ಹನಿ ಆಸಿಡ್ ಬಿಟ್ಟು ಗುಳ್ಳೆ ಏಳುತ್ತದಾ ನೋಡು. ತಂಗಿಯೋ ಚುರುಕು, ಮಾತೂ ಸಿಹಿ. ನೋಡನೋಡುತ್ತಲೇ ಮ್ಯಾನೇಜರು ಏನೇ ಬಂದರೂ "ಚಿಕ್ಕವಳನ್ನ ಕರೀರಿ" ಅನ್ನತೊಡಗಿದರು. ಕಲಿಸಿದವಳು ಮೂಲೆಗೆ, ಕಲಿತವಳು ತಲೆ ಮೇಲೆ! ಅಕ್ಕನಿಗೆ ಮೈಯೆಲ್ಲ ಉರಿ. ಇನ್ನು ಇವಳಿಗೆ ಒಂದಕ್ಷರ ಹೇಳಿಕೊಡಲ್ಲ ಅಂತ ಗಟ್ಟಿ ಮಾಡಿಕೊಂಡಳು.

ಹೇಳಿಕೊಡದೆ ಉಳಿದಿದ್ದು ಕಾಸ್ಟಿಕ್ ಸೋಡಾ ನೀರಿನ ಪರೀಕ್ಷೆಯೊಂದೇ. ಅಲ್ಯೂಮಿನಿಯಂ, ಮೆಗ್ನೀಸಿಯಂ ಎರಡೂ ಬೆಳ್ಳಗೆ, ಎರಡೂ ಹಗುರ, ಆಸಿಡ್ ಬಿದ್ದರೆ ಎರಡೂ ನೊರೆ ಬಿಡುತ್ತವೆ. ಕಾಸ್ಟಿಕ್ ನೀರಿನಲ್ಲಿ ಮಾತ್ರ ಅಲ್ಯೂಮಿನಿಯಂ ಬುಸುಗುಡುತ್ತದೆ, ಮೆಗ್ನೀಸಿಯಂ ತೆಪ್ಪಗಿರುತ್ತದೆ. ಮೆಗ್ನೀಸಿಯಂ ಬರುತ್ತಿದ್ದುದೇ ಅಪರೂಪ, ಹಾಗಾಗಿ ಯಾರಿಗೂ ಕೊರತೆ ಕಾಣಲಿಲ್ಲ. ಅಕ್ಕ ಆ ಬಾಟಲಿಯನ್ನು ತನ್ನ ಡ್ರಾಯರಿನಲ್ಲಿಟ್ಟು, ಒಬ್ಬಳೇ ಇದ್ದಾಗ ತೆಗೆಯುತ್ತಿದ್ದಳು.

ಇಬ್ಬರಲ್ಲಿ ಒಬ್ಬರನ್ನು ಕೋಣೆಯ ಮುಖ್ಯಸ್ಥೆ ಮಾಡುವ ಮಾತು ಎದ್ದಿತ್ತು. ಅಷ್ಟರಲ್ಲೇ ಹೊಸ ಲೋಡೊಂದು ಬಂತು, ಯಾವುದೋ ಯಂತ್ರದ ಬೂದು ಕವಚಗಳು. ಮ್ಯಾನೇಜರು ಒಂದನ್ನು ತಂದು ತಂಗಿಯ ಮುಂದೆಯೇ ಇಟ್ಟು "ಏನಿದು ನೋಡಮ್ಮ" ಅಂದರು. ಅಕ್ಕ ಅಲ್ಲೇ ಕಂಬದ ಹಾಗೆ ನಿಂತಿದ್ದಳು.

ತಂಗಿ ಅಯಸ್ಕಾಂತ ಹಿಡಿದಳು, ಅಂಟಲಿಲ್ಲ. ಅರ ಹಾಕಿದಳು, ಬೆಳ್ಳಗೆ ಹೊಳೆಯಿತು. ಆಸಿಡ್ ಬಿಟ್ಟಿದ್ದೇ ತಡ, ಬುರುಬುರು ಗುಳ್ಳೆ.

"ಅಲ್ಯೂಮಿನಿಯಂ ಸಾರ್."

"ಶಭಾಷ್. ಕುಲುಮೆಗೆ ಕಳಿಸ್ತೀನಿ," ಅಂತ ಮ್ಯಾನೇಜರು ಹೊರಟರು.

ಆ ಗುಳ್ಳೆಯ ಅವಸರ ನೋಡಿಯೇ ಅಕ್ಕನಿಗೆ ಅನುಮಾನ ಬಂದಿತ್ತು. ಅಲ್ಯೂಮಿನಿಯಂನಲ್ಲಿ ಗುಳ್ಳೆ ಏಳುವುದಕ್ಕೆ ಸ್ವಲ್ಪ ಹೊತ್ತು ಬೇಕು. ತಂಗಿ ಕೈ ತೊಳೆಯಲು ಹೋದಾಗ ಡ್ರಾಯರ್ ಎಳೆದು, ಅರ ಹಾಕಿದ ಪುಡಿಯನ್ನು ಕಾಸ್ಟಿಕ್ ನೀರಿಗೆ ಉದುರಿಸಿದಳು. ಪುಡಿ ತಳ ಸೇರಿ ಸುಮ್ಮನೆ ಕೂತಿತು. ಮೆಗ್ನೀಸಿಯಂ. ಅಕ್ಕನಿಗೆ ಹಾಲು ಕುಡಿದಷ್ಟು ಸಂತೋಷ. ತಪ್ಪಲಿ, ಎಲ್ಲರೆದುರು ತಪ್ಪಲಿ, ತಲೆ ಮೇಲೆ ಕೂರಿಸಿಕೊಂಡವರೇ ಕೆಳಗಿಳಿಸಲಿ ಅಂದುಕೊಂಡಳು.

ಹಾಗಂದುಕೊಂಡು ಕಿಟಕಿಯಾಚೆ ನೋಡಿದರೆ, ಕುಲುಮೆಯ ಮೇಸ್ತ್ರಿ ಕವಚಗಳನ್ನು ಕೈಗಾಡಿಗೆ ತುಂಬುತ್ತಿದ್ದ. ಕಾದ ಕುಲುಮೆಯಲ್ಲಿ ಮೆಗ್ನೀಸಿಯಂ ಧಗ್ಗನೆ ಹತ್ತಿಕೊಳ್ಳುತ್ತದೆ. ನೀರು ಹೊಯ್ದರೆ ಇನ್ನೂ ಜೋರು. ಮೊದಲು ಸುಡುವುದು ಅವನ ಮುಖ. ಅದು ಗೊತ್ತಿದ್ದೂ ಅವಳು ಒಂದು ಗಳಿಗೆ ನಿಂತೇ ಇದ್ದಳು. ಗಾಡಿ ಉರುಳಿತು. ಅಕ್ಕ ಎದ್ದುಬಿದ್ದು ಓಡಿದಳು.

"ಹಾಕ್ಬೇಡ ಮೇಸ್ತ್ರಿ, ನಿಲ್ಸು. ಅದು ಮೆಗ್ನೀಸಿಯಂ."

ಗಾಡಿ ನಿಂತಿತು. ಆಮೇಲೆ ಮ್ಯಾನೇಜರು ಅಕ್ಕತಂಗಿಯರಿಬ್ಬರನ್ನೂ ಕೋಣೆಯಲ್ಲಿ ನಿಲ್ಲಿಸಿಕೊಂಡರು. ಮೇಜಿನ ಮೇಲೆ ಕಾಸ್ಟಿಕ್ ಬಾಟಲಿ ಹಾಗೇ ಇತ್ತು.

"ಚಿಕ್ಕವಳು ಈ ಪರೀಕ್ಷೆ ಯಾಕೆ ಮಾಡ್ಲಿಲ್ಲ? ನೀವು ಹೇಳ್ಕೊಟ್ಟಿರಲಿಲ್ವಾ?" ಅಂತ ಅಕ್ಕನನ್ನು ಕೇಳಿದರು.

ತಂಗಿ ಬಾಟಲಿ ನೋಡಿದಳು, ತೆರೆದ ಡ್ರಾಯರ್ ನೋಡಿದಳು, ಅಕ್ಕನ ಮುಖ ನೋಡಿದಳು. ಅವಳಿಗೆ ಎಲ್ಲ ಅರ್ಥವಾಗಿದ್ದು ಅಕ್ಕನಿಗೂ ಗೊತ್ತಾಯಿತು.

"ಹೇಳ್ಕೊಟ್ಟಿದ್ಲು ಸಾರ್. ನಾನೇ ಮರೆತುಬಿಟ್ಟೆ," ಅಂದಳು ತಂಗಿ.

ಮ್ಯಾನೇಜರು ಅವಳಿಗೆ ಮುಖ ಮೋರೆ ನೋಡದೆ ಬೈದರು. ಬೈದು ಮುಗಿಸಿ, "ಇನ್ಮೇಲೆ ಈ ಕೋಣೆ ನಿಮ್ಮ ಜವಾಬ್ದಾರಿ" ಅಂದರು ಅಕ್ಕನಿಗೆ. ನಿಜ ನಾಲಿಗೆಯ ತುದಿವರೆಗೆ ಬಂತು. "ಆಗಲಿ ಸಾರ್" ಅಂದಳು ಅಕ್ಕ.

ಮ್ಯಾನೇಜರು ಹೋದ ಮೇಲೆ ತಂಗಿ ಕಣ್ಣೊರೆಸಿಕೊಂಡು, "ನಡಿ ಅಕ್ಕ, ಮನೆಗೆ ಹೊತ್ತಾಯ್ತು" ಅಂದಳು. ಜಗಳಕ್ಕೆ ಬಂದಿದ್ದರೆ ಅಕ್ಕ ತಿರುಗಿ ಬೈದು ಹಗುರಾಗುತ್ತಿದ್ದಳು. ಅದಕ್ಕೂ ದಾರಿ ಬಿಡಲಿಲ್ಲ ಅವಳು. ಮುಖ್ಯಸ್ಥೆಯಾದ ಅಕ್ಕ ತಂಗಿಯ ಹಿಂದೆ ಹಿಂದೆ ನಡೆದಳು. ಇಷ್ಟು ದೊಡ್ಡ ಮನಸ್ಸೂ ಇವಳಿಗೇ ಬರಬೇಕಿತ್ತಾ ಅಂತ ದಾರಿಯುದ್ದಕ್ಕೂ ಅವಳ ಹೊಟ್ಟೆ ಉರಿಯುತ್ತಿತ್ತು.